ಪದಚರ್ಚೆ: ವ್ಯಾಪಾರ ಒಪ್ಪಂದದ ‘ರೆಸಿಪ್ರಾಸಿಟಿ’ಗೆ ‘ಮುಯ್ಯಿ’ ಸಲ್ಲುವುದೇ?

ಬಲ್ಲವರಲ್ಲಿ ವಿನಂತಿ.

ಯುರೋಪಿಯನ್ ಒಕ್ಕೂಟವು ಆಫ್ರಿಕಾ, ಕೆರಿಬಿಯನ್ ಮತ್ತು ಪೆಸಿಫಿಕ್ ದೇಶಗಳೊಡನೆ ಮಾಡಿಕೊಂಡ ಒಪ್ಪಂದಗಳ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ರೆಸಿಪ್ರಾಸಿಟಿ’ (ಪಡೆದ ರಿಯಾಯಿತಿಗೆ ಬದಲಾಗಿ ತಾನೂ ರಿಯಾಯಿತಿ ಕೊಡುವುದು) ಬಂದ ಕಡೆಯಲ್ಲೆಲ್ಲ ಬರವಣಿಗೆ ಮುಗ್ಗರಿಸುತ್ತಿದೆ. ‘ಪರಸ್ಪರತೆ’ ಎಂದರೆ ಸಾಕೆಂದು ಸ್ನೇಹಿತರು ಹೇಳುತ್ತಾರೆ. ನನಗೆ ಸಾಲದು.

ಸಂದರ್ಭ ಇದು. 1975ರ ಫೆಬ್ರವರಿಯಲ್ಲಿ ಟೋಗೊದ ರಾಜಧಾನಿ ಲೋಮೆಯಲ್ಲಿ ಆಗಿನ ಯುರೋಪಿಯನ್ ಆರ್ಥಿಕ ಸಮುದಾಯದ 9 ದೇಶಗಳೂ ಈ ಮೂರು ವಲಯಗಳ 46 ದೇಶಗಳೂ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಆ 46 ದೇಶಗಳ ಬಹುಪಾಲು ಸರಕಿಗೆ ಯುರೋಪಿನಲ್ಲಿ ಸುಂಕವಿರಲಿಲ್ಲ. ಅದಕ್ಕೆ ಬದಲಾಗಿ ಯುರೋಪಿನ ಸರಕಿನ ಮೇಲೆ ತಾವು ಹಾಕುವ ಸುಂಕವನ್ನು ಅವು ಇಳಿಸಬೇಕಾಗಿಯೂ ಇರಲಿಲ್ಲ. ಈ ದೇಶಗಳ ಬಾಳೆಹಣ್ಣಿಗೆ ಯುರೋಪ್ ಕೊಡುತ್ತಿದ್ದ ಆದ್ಯತೆಯ ಕುರಿತ ವ್ಯಾಜ್ಯದಲ್ಲಿ ಲ್ಯಾಟಿನ್ ಅಮೆರಿಕದ ದೇಶಗಳು ಇಂಥ ಪಕ್ಷಪಾತವನ್ನು ಪ್ರಶ್ನಿಸಿದವು. 2000ದಲ್ಲಿ ಬೆನಿನ್‌ನ ಕೊಟೊನೌದಲ್ಲಿ ಆದ ಒಪ್ಪಂದವು ದಿಕ್ಕನ್ನೇ ಬದಲಿಸಿತು: ಇನ್ನು ಮುಂದೆ ಪಡೆದವರೂ ತಮ್ಮ ಬಾಗಿಲು ತೆರೆಯಬೇಕು. ಈ ‘ಪಡೆದವರೂ ಕೊಡಬೇಕು’ ಎಂಬುದೇ ನನಗೆ ಬೇಕಾದ ಪದದ ತಿರುಳು.

ಅದರ ಬಿಸಿ ಕೀನ್ಯಾಕ್ಕೆ ತಟ್ಟಿತು. ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿರುವ ನೆರೆಯ ತಾಂಜಾನಿಯಾ, ಉಗಾಂಡಗಳಿಗೆ ಏನನ್ನೂ ಹಿಂದಿರುಗಿಸದೆ ಸುಂಕ ವಿನಾಯಿತಿ ಸಿಗುತ್ತದೆ. ಆ ಪಟ್ಟಿಯಲ್ಲಿಲ್ಲದ ಕೀನ್ಯಾಕ್ಕೆ ಇಲ್ಲ. ಯುರೋಪಿನೊಡನೆ ಆಗಬೇಕಿದ್ದ ಹೊಸ ಒಪ್ಪಂದ ತಡವಾಗಿದ್ದಕ್ಕೆ 2014ರ ಅಕ್ಟೋಬರ್‌ನಿಂದ ಮೂರು ತಿಂಗಳ ಹತ್ತಿರ ಅದರ ಹೂವಿಗೆ ಯುರೋಪಿನಲ್ಲಿ ಸುಂಕ ಬಿತ್ತು. ಕೊನೆಗೆ 2023ರ ಡಿಸೆಂಬರ್‌ನಲ್ಲಿ ಕೀನ್ಯಾ ಒಂಟಿಯಾಗಿ ಸಹಿ ಹಾಕಿತು.

‘ಪರಸ್ಪರ’ದಲ್ಲಿ ಈ ಋಣದ ಭಾರ ಎಲ್ಲಿದೆ? ಪರಸ್ಪರ ಪ್ರೀತಿ, ಪರಸ್ಪರ ಗೌರವ ಎನ್ನುವಾಗ ಯಾರೂ ಲೆಕ್ಕ ಇಡುವುದಿಲ್ಲ. ‘ಮುಯ್ಯಿ’ಯಲ್ಲಿ ಲೆಕ್ಕವಿದೆ. ಮದುವೆಯಲ್ಲಿ ಓದಿಸಿದ ಮುಯ್ಯಿಯನ್ನು ಪಟ್ಟಿಯಲ್ಲಿ ಬರೆದಿಟ್ಟು, ಓದಿಸಿದವರ ಮನೆಯ ಕಾರ್ಯ ಬಂದಾಗ ತೀರಿಸುತ್ತಾರೆ. ತೀರಿಸದಿದ್ದರೆ ಸಂಬಂಧ ಹಳಸುತ್ತದೆ. ಇನ್ನೊಂದು ಮುಖವೂ ಇದೆ: ಮುಯ್ಯಿಗೆ ಮುಯ್ಯಿ ಎಂದರೆ ಸೇಡು. ಇದು ತೊಡಕೆನಿಸಬಹುದು, ಆದರೆ ಇಂಗ್ಲಿಷಿನ ಪದವೂ ಹಾಗೆಯೇ ಎರಡು ಕಡೆ ವಾಲುತ್ತದೆ. 2025ರ ಏಪ್ರಿಲ್‌ನಲ್ಲಿ ಅಮೆರಿಕವು ‘ರೆಸಿಪ್ರೋಕಲ್’ ಎಂದು ಕರೆದು ಹೇರಿದ ಸುಂಕವನ್ನು ನಮ್ಮ ಪತ್ರಿಕೆಗಳು ‘ಪ್ರತಿಸುಂಕ’ ಎಂದವು. ಅಲ್ಲಿ ಅದು ಸರಿಯೇ, ಆದರೆ ರಿಯಾಯಿತಿಗೆ ರಿಯಾಯಿತಿ ಕೊಡುವ ಕಡೆ ‘ಪ್ರತಿ’ ಎದುರಾಳಿಯ ದನಿಯನ್ನು ತರುತ್ತದೆ.

ನನ್ನ ಅಳುಕು ಬೇರೆ ಕಡೆ ಇದೆ. ಹೊಲಗೆಲಸದ ಮುಯ್ಯಾಳಿನಲ್ಲಿ ಒಂದು ದಿನದ ದುಡಿಮೆಗೆ ಒಂದು ದಿನದ ದುಡಿಮೆಯೇ ಸಲ್ಲಬೇಕು. ಕೀನ್ಯಾದ ಒಪ್ಪಂದದಲ್ಲಿ ಯುರೋಪ್ ಆಯುಧ ಬಿಟ್ಟು ಉಳಿದೆಲ್ಲ ಸರಕಿಗೂ ಸುಂಕ ತೆಗೆದರೆ, ಕೀನ್ಯಾ ಸುಮಾರು ಶೇ 80ರಷ್ಟು ಆಮದಿಗೆ ಮಾತ್ರ, ಅದನ್ನೂ 25 ವರ್ಷಗಳಲ್ಲಿ ಹಂತಹಂತವಾಗಿ ತೆಗೆಯುತ್ತದೆ. ಮದುವೆಯ ಮುಯ್ಯಿ ಇಷ್ಟು ಬಿಗಿಯಲ್ಲ, ಕೈಲಾದಷ್ಟು ಎಂಬ ಸಡಿಲ ಅಲ್ಲಿದೆ. ಹಾಗಾಗಿ ಈ ಪದ ನಿಲ್ಲುತ್ತದೆ ಎಂದೇ ನನ್ನ ಎಣಿಕೆ.

‘ನಾನ್-ರೆಸಿಪ್ರೋಕಲ್’ ಎಂಬುದಕ್ಕೆ ‘ಏಕಪಕ್ಷೀಯ’ ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಕನ್ನಡದಲ್ಲಿ ಆ ಮಾತು ಕಿವಿಗೆ ಬಿದ್ದ ಕೂಡಲೇ ಅನ್ಯಾಯವಾಗಿದೆ ಎನಿಸುತ್ತದೆ. ಲೋಮೆಯದ್ದಾದರೋ ಬಡ ದೇಶಕ್ಕೆ ಒಲಿದ ಏರ್ಪಾಡು. ‘ಮುಯ್ಯಿ ಬಯಸದ ವಿನಾಯಿತಿ’ ಎಂದು ಸದ್ಯಕ್ಕೆ ಬರೆದಿದ್ದೇನೆ.

ಉತ್ತರ ಕರ್ನಾಟಕದಲ್ಲಿ ಮದುವೆಯ ಉಡುಗೊರೆಗೆ ‘ಆಯೇರಿ’ ಎಂಬ ಮಾತು ಬಳಕೆಯಲ್ಲಿದೆ. ಆ ಭಾಗದ ಓದುಗರಿಗೆ ‘ಮುಯ್ಯಿ’ ಎಂದೊಡನೆ ಸೇಡೇ ಮೊದಲು ತೋಚುತ್ತದೆಯೇ? ಕರಾವಳಿಯಲ್ಲಿ ಬೇರೆ ಪದವಿದೆಯೇ? ಮದುವೆ, ಹೊಲಗಳ ಆಚೆಗೆ, ವ್ಯವಹಾರ ಅಥವಾ ರಾಜತಾಂತ್ರಿಕ ಬರಹಗಳಲ್ಲಿ ಇದನ್ನು ಬಳಸಿದ್ದನ್ನು ಕಂಡವರು ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.