ನೋವೂ ಇದೆ, ಸಂಘದ ಕೆಲ್ಸನೂ ಇದೆ, ನೀವೆಲ್ಲಾ ಹೇಗೆ ನಿಭಾಯಿಸ್ತೀರಿ?

ಹೊಸ ಕಾರ್ಯದರ್ಶಿ: ನಂಗೆ ಫೈಬ್ರೊಮಯಾಲ್ಜಿಯಾ (ಮೈಯೆಲ್ಲಾ ನೋವು, ಸುಸ್ತು ಇರೋ ದೀರ್ಘಕಾಲದ ಕಾಯಿಲೆ) ಇದೆ. ಅಂಗವಿಕಲರ ಹಕ್ಕಿನ ಸಂಘದಲ್ಲಿ ಕಾರ್ಯದರ್ಶಿ ಮಾಡಿದ್ದಾರೆ. ಪ್ರತಿ ಸಭೆ ಆದ್ಮೇಲೆ ಎರಡ್ಮೂರು ದಿನ ಹಾಸಿಗೆನೇ ಗತಿ. ಮುಂದಿನ ತಿಂಗಳು ಅಧಿಕಾರಿಗಳ ಮುಂದೆ ನಾನೇ ಮಾತಾಡ್ಬೇಕಂತೆ. ಒಪ್ಕೊಳ್ಲಾ, ಹುದ್ದೆನೇ ಬಿಡ್ಲಾ? ಅನುಭವ ಇದ್ದೋರು ಹೇಳಿ ಪ್ಲೀಸ್.

ಬಿಟ್ಟು ಹಾಯಾಗಿರೋನು: ನಾನು ಬಿಟ್ಟೆ, ಚೂರೂ ಬೇಜಾರಿಲ್ಲ. ನಂದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನುಮೂಳೆ ಕೀಲು ಉರಿಯೂತದ ಕಾಯಿಲೆ, ಇದ್ರಲ್ಲಿ ಓಡಾಡಿದ್ರೆ ವಾಸಿ, ಕೂತ್ರೆ ಸಾವು. ಸಭೆ ಅಂದ್ರೆ ಕೂರೋದೇ ತಾನೆ. ಹತ್ತಕ್ಕೆ ಅಂತ ಕರೆದು ಹನ್ನೊಂದೂವರೆಗೆ ಶುರು ಮಾಡೋರು, ಅಷ್ಟೊತ್ತಿಗೆ ಸೊಂಟ ಸಿಮೆಂಟ್ ಹಾಕ್ದಂಗೆ ಆಗಿರೋದು. ಎದ್ದು ಗೋಡೆ ಪಕ್ಕ ನಿಂತ್ರೆ "ಏನ್ ಸರ್, ಹೊರಟ್ರಾ" ಅಂತ ಅಧ್ಯಕ್ಷರು ಮೈಕಲ್ಲೇ ಕೇಳೋರು. ಬೆಳಗಿನ ಬಿಗಿತ ಬಿಡ್ಲಿ ಅಂತ ಕತ್ತಲಲ್ಲೇ ಎದ್ದು ಬಿಸಿನೀರು ಸುರ್ಕೊಂಡು, ನ್ಯಾಪ್ರಾಕ್ಸೆನ್ ಅನ್ನೋ ನೋವಿನ ಮಾತ್ರೆ ನುಂಗಿ, ಅದು ಹೊಟ್ಟೆ ಸುಡ್ದೇ ಇರ್ಲಿ ಅಂತ ಇನ್ನೊಂದು ನುಂಗಿ ಹೋಗ್ತಿದ್ದೆ, ಕೊನೆಗೆ ಹೊಟ್ಟೇಲಿ ರಕ್ತಸ್ರಾವ ಆಗಿ ಅಡ್ಮಿಟ್ ಆದೆ, ರಜೆ ಎಲ್ಲಾ ಖಾಲಿ, ಸಂಬಳ ಕಟ್. ವಾರ್ಡಲ್ಲಿದ್ದಾಗ ಸಂಘದಿಂದ ಬಂದಿದ್ದು ಒಂದೇ ಫೋನು, ಮನವಿಪತ್ರದ ಸಾಫ್ಟ್ ಕಾಪಿ ಎಲ್ಲಿದೆ ಅಂತ.

ಗಾಲಿಕುರ್ಚಿ: ಹೀಗೆ ಒಬ್ಬೊಬ್ರೇ ಕಳಚ್ಕೊಂಡಿದ್ದಕ್ಕೇ ಎಲ್ಲಾ ನಮ್ಮ ತಲೆ ಮೇಲೆ ಬಂದಿರೋದು. ನಂದು ಬೆನ್ನುಹುರಿ ಪೆಟ್ಟು, ಸೊಂಟದ ಕೆಳಗೆ ಮುಟ್ಟಿದ್ರೆ ಗೊತ್ತಾಗಲ್ಲ, ಆದ್ರೆ ಉರಿ ಇದೆ (ಹೌದು, ಎರಡೂ ಒಟ್ಟಿಗೇ ಇರುತ್ತೆ, ವಿವರಿಸಿ ವಿವರಿಸಿ ಸಾಕಾಗಿದೆ). ನರದ ನೋವಿಗೆ ಕೊಡೋ ಪ್ರಿಗ್ಯಾಬಲಿನ್ ಡೋಸ್ ಏರ್ಸಿದ್ಮೇಲೆ ಉರಿ ಇಳೀತು, ಮಾತು ಹೋಯ್ತು. ಅಧಿಕಾರಿ ಎದುರು ರ‍್ಯಾಂಪ್ ಅನ್ನೋ ಪದ ಬಾಯಿಗೆ ಬರ್ದೆ ಕೈಯಲ್ಲಿ ಓರೆ ಮಾಡಿ ತೋರಿಸ್ದೆ, ಆಸಾಮಿ ನಕ್ಕ. ಆ ಔಷಧಿನ ದಿಢೀರ್ ಅಂತ ನಿಲ್ಸೋ ಹಾಗೂ ಇಲ್ಲ, ನಿದ್ದೆ ಹೋಗುತ್ತೆ, ಬೆವರು, ವಾಂತಿ, ಡಾಕ್ಟ್ರು ಹಂತಹಂತವಾಗೇ ಇಳಿಸ್ಬೇಕು. ಈಗ ಎಲ್ಲಾ ಬರ್ಕೊಂಡು ಹೋಗಿ ಓದ್ತೀನಿ. ಆದ್ರೂ ಬಿಟ್ಟಿಲ್ಲ. ಅಂಗವಿಕಲರ ಹಕ್ಕಿನ 2006ರ ವಿಶ್ವಸಂಸ್ಥೆ ಒಡಂಬಡಿಕೆ, 4ನೇ ವಿಧಿ, ನಮ್ಗೆ ಸಂಬಂಧಪಟ್ಟ ತೀರ್ಮಾನದಲ್ಲಿ ನಮ್ಮನ್ನ ಕೇಳ್ಲೇಬೇಕು ಅನ್ನುತ್ತೆ. ಕೇಳೋಕೆ ಬಂದಾಗ ಹಾಸಿಗೇಲಿದ್ರೆ ಏನ್ ಬಂತು?

ಕಾಣದ ನೋವು: ಹಾಸಿಗೇಲಿರೋರನ್ನ ಕೇಳೋದು ಬೇಡ್ವಾ ಹಾಗಾದ್ರೆ? ನಿಮ್ದು ಕಣ್ಣಿಗೆ ಕಾಣುತ್ತೆ ಸರ್. "ಚೆನ್ನಾಗೇ ನಡೀತೀರಲ್ಲ ಮೇಡಂ, ನೀವ್ಯಾಕೆ ನಮ್ಮ ಪರ ಮಾತಾಡೋದು" ಅಂತ ನನ್ಗಂದಿದ್ದು ಅಧಿಕಾರಿಗಳಲ್ಲ, ನಿಮ್ಮಂಥೋರೇ. ಅದೇ ಒಡಂಬಡಿಕೆ 1ನೇ ವಿಧೀಲಿ ದೀರ್ಘಕಾಲದ ನ್ಯೂನತೆ ಅಂತಿದೆ, ಗಾಲಿ ಇರ್ಬೇಕು ಅಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಜಾರಿಗೆ ಬಂದಿದ್ದು 2022ರಲ್ಲಿ, ಅದ್ರಲ್ಲಿ ದೀರ್ಘಕಾಲದ ನೋವಿಗೆ ಅದರದ್ದೇ ಕೋಡ್ ಇದೆ, ಎಂಜಿ30. ಪ್ರಿಂಟ್ ತೆಗೆದು ಬ್ಯಾಗಲ್ಲೇ ಇಟ್ಟಿದ್ದೀನಿ. ನನ್ನ ಪದ್ಧತಿ ಅಂದ್ರೆ ನೋವು ಏರೋಕೆ ಮುಂಚೆನೇ ಕೆಲ್ಸ ನಿಲ್ಸೋದು, ಚೆನ್ನಾಗಿರೋ ದಿನಾನೂ, ಅದೇ ಕಷ್ಟ, ಚೆನ್ನಾಗಿದೀನಿ ಅಂತ ಎಲ್ಲಾ ಮುಗಿಸಕ್ಕೆ ಹೋದ್ರೆ ಆಮೇಲೆ ವಾರ ಪೂರ್ತಿ ಬಿದ್ದಿರ್ಬೇಕಾಗುತ್ತೆ. ಭಾಷಣದ ಮಧ್ಯ ಫೋನ್ ಅಲಾರಂ ಹೊಡ್ದ್ರೂ ವಾಕ್ಯ ಮುಗ್ಸಿ ಕೂತುಬಿಡ್ತೀನಿ. ಬೈಯೋರು ಬೈಲಿ.

ಗಾಲಿಕುರ್ಚಿ: ನೀವು ಕೂತ್ಮೇಲೆ ಉಳಿದ ವಾಕ್ಯ ಯಾರು ಹೇಳ್ಬೇಕು? ನಾವೇ.

ಬಿಟ್ಟು ಹಾಯಾಗಿರೋನು: ಮಲ್ಕೊಂಡೇ ವಿಡಿಯೋದಲ್ಲಿ ಸೇರ್ತೀನಿ ಅಂತ ಕೇಳ್ಕೊಂಡಿದ್ದೆ, ಗಾಂಭೀರ್ಯ ಇರಲ್ಲ ಅಂದುಬಿಟ್ರು. ಅಂದೋರು ಗಾಲಿಕುರ್ಚಿಯವ್ರೇ.

ಗಾಲಿಕುರ್ಚಿ: ವಿಡಿಯೋ ಆದ್ರೆ ಅಧಿಕಾರಿ ಮ್ಯೂಟ್ ಮಾಡಿ ಎದ್ದು ಹೋಗ್ತಾನೆ ಗುರು. ಎದುರಿಗಿದ್ರೆ ನನ್ನ ಕುರ್ಚಿ ದಾಟ್ಕೊಂಡು ಹೋಗ್ಬೇಕು.

ಕಾಣದ ನೋವು: ಬಾಗ್ಲಿಗೆ ಅಡ್ಡ ಕೂತ್ರೆ ಮುಗೀತಾ? ಆ ಅರ್ಜಿ, ಕರಡು, ತಿದ್ದುಪಡಿ ಎಲ್ಲಾ ರಾತ್ರಿ ಕೂತು ಟೈಪ್ ಮಾಡೋರು ಯಾರು?

ಬಿಟ್ಟು ಹಾಯಾಗಿರೋನು: ಟೈಪ್ ಮಾಡ್ದೋನು ನಾನು. ಸಾಫ್ಟ್ ಕಾಪಿ ಈಗ್ಲೂ ನನ್ನ ಹತ್ರಾನೇ ಇದೆ, ಕೊಡಲ್ಲ.