ಸ್ಟ್ರಾಬೆರಿ ಎಲೆ ಅಂಚಿನಿಂದ ಒಣಗುತ್ತಿದೆ, ಯಾರಾದರೂ ದಾರಿ ಹೇಳಿ

ಮಾಳಿಗೆತೋಟ (ಕಲಬುರಗಿ):
ಸಾಕಾಗಿ ಹೋಗಿದೆ. ನವೆಂಬರ್‌ನಲ್ಲಿ ಮಹಾಬಳೇಶ್ವರದ ಕಡೆಯಿಂದ ವಿಂಟರ್ ಡಾನ್ ತಳಿಯ 12 ಸಸಿ ತರಿಸಿದ್ದೆ. ಒಂದು ತಿಂಗಳು ಚೆನ್ನಾಗಿಯೇ ಇದ್ದವು. ಈಗ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಐದು ಗಿಡ ಹೋದವು. ದಿನಾ ತಪ್ಪದೆ ನೀರು ಹಾಕುತ್ತೇನೆ, ಗೊಬ್ಬರವೂ ಕೊಟ್ಟಿದ್ದೇನೆ. ಮಗಳು ಎದ್ದ ಕೂಡಲೇ ಮಾಳಿಗೆಗೆ ಓಡಿ ಹಣ್ಣು ಬಂತಾ ಅಂತ ನೋಡುತ್ತಾಳೆ. ಅವಳಿಗೆ ಏನು ಹೇಳಲಿ?

ಶಹಾಪುರಹುಡುಗ:
ಅಣ್ಣಾ, ಇದು ನುಸಿ. ನಮ್ಮ ಒಣ ಹವೆಗೆ ಬಂದೇ ಬರುತ್ತದೆ. ಬಿಳಿ ಹಾಳೆ ಹಿಡಿದು ಅದರ ಮೇಲೆ ಎಲೆ ತಟ್ಟಿ. ಸಣ್ಣ ಚುಕ್ಕೆ ಓಡಾಡಿದರೆ ಅದೇ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು, ಸಂಜೆ ಹೊತ್ತು ಸಿಂಪಡಿಸಿ.

ಮಾಳಿಗೆತೋಟ:
ತಟ್ಟಿ ನೋಡಿದೆ. ಧೂಳು ಬಿಟ್ಟರೆ ಏನೂ ಬೀಳಲಿಲ್ಲ.

ಶಹಾಪುರಹುಡುಗ:
ಎಲೆಯ ಹಿಂಭಾಗ ಸರಿಯಾಗಿ ನೋಡಿ, ಬಲೆ ಇರುತ್ತದೆ. ನನ್ನ ಗಿಡಕ್ಕೂ ಹೀಗೇ ಆಗಿತ್ತು, ಎಣ್ಣೆ ಹೊಡೆದ ಮೇಲೆ ಸುಧಾರಿಸಿತು.

ಕೆಂಪುಮಣ್ಣು_ಬೀದರ್:
ನುಸಿ ಬಿಡಿ. ಮಣ್ಣು ಯಾವುದು? ಎರೆ ಮಣ್ಣು, ಅಂದರೆ ಕಪ್ಪು ಮಣ್ಣು ಹಾಕಿದ್ದರೆ ಅಲ್ಲೇ ತಪ್ಪಾಗಿದೆ. ಅದು ಕ್ಷಾರದ ಮಣ್ಣು, ಪಿಎಚ್ (ಹುಳಿ-ಕ್ಷಾರದ ಅಳತೆ) 8ರ ಆಸುಪಾಸು. ಸ್ಟ್ರಾಬೆರಿಗೆ 5.5ರಿಂದ 6.5 ಬೇಕು. ನಮ್ಮ ಬೀದರ್‌ನ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ ಸೇರಿಸಿದ್ದೇನೆ. 40 ಗ್ರೋ ಬ್ಯಾಗ್, ಮೇಲೆ 50 ಪರ್ಸೆಂಟ್ ನೆರಳು ಕೊಡುವ ಹಸಿರು ನೆಟ್, ಡ್ರಿಪ್ ಟೈಮರ್ ಇದೆ. ಕಳೆದ ವಾರ ಒಂದೇ ದಿನ ಮುಕ್ಕಾಲು ಕೆಜಿ ಕಿತ್ತೆ. ಅಮ್ಮನಿಗೆ ಶುಗರ್ ಇದೆ, ಅವರೂ ನಾಲ್ಕು ಹಣ್ಣು ಧೈರ್ಯವಾಗಿ ತಿನ್ನುತ್ತಾರೆ. 100 ಗ್ರಾಂಗೆ 5 ಗ್ರಾಂ ಸಕ್ಕರೆ ಅಷ್ಟೇ, ವಿಟಮಿನ್ ಸಿ ಮಾತ್ರ 59 ಮಿ.ಗ್ರಾಂ.

ಶಹಾಪುರಹುಡುಗ:
ವಿಟಮಿನ್ ಸಿ ಬೇಕಾದರೆ ಪೇರಲ ತಿನ್ನಿ. 100 ಗ್ರಾಂಗೆ 200 ಮಿ.ಗ್ರಾಂ ದಾಟುತ್ತದೆ, ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ.

ಕೆಂಪುಮಣ್ಣು_ಬೀದರ್:
ಪೇರಲ ಒಳ್ಳೆಯದು ಅಂತ ಯಾರಿಗೆ ಗೊತ್ತಿಲ್ಲ? ಮಕ್ಕಳು ತಾವೇ ಗಿಡದಿಂದ ಕಿತ್ತು ತಿಂದರೆ ಬೇಡ ಅನ್ನೋದಿಲ್ಲ. ನಮ್ಮ ಮನೆಯಲ್ಲಿ ಕಣ್ಣಾರೆ ನೋಡಿದ್ದೇನೆ.

ಕುಂಡದಕ್ಕ (ಸೇಡಂ):
ಇಬ್ಬರೂ ಸ್ವಲ್ಪ ನಿಲ್ಲಿ. ತಮ್ಮಾ, ಮೂರು ಪ್ರಶ್ನೆ. ಹಳೇ ಎಲೆ ಮೊದಲು ಸುಡುತ್ತಾ, ಹೊಸದಾ? ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿ ಕೂತಿದೆಯಾ? ದಿನಾ ಹಾಕುವ ನೀರು ಯಾವುದು?

ಮಾಳಿಗೆತೋಟ:
ಹಳೇ ಎಲೆ ಮೊದಲು. ಬಿಳಿ ಪುಡಿ ಇದೆ ಅಕ್ಕಾ, ಉಗುರಿನಲ್ಲಿ ಕೆರೆದರೆ ಪದರ ಪದರವಾಗಿ ಬರುತ್ತದೆ. ಅದು ಗೊಬ್ಬರದ್ದು ಅಂದುಕೊಂಡಿದ್ದೆ. ಮಣ್ಣು ಅರ್ಧ ಎರೆ, ಅರ್ಧ ಸಗಣಿ ಗೊಬ್ಬರ. ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಮೆಷಿನ್ ಬೇಡ ಅಂತ ಹೊರಗೆ ಬಿಡುತ್ತದಲ್ಲ, ಆ ನೀರೇ. ಬೇಸಿಗೆ ಬಂದರೆ ನೀರಿಗೆ ಎಷ್ಟು ಕಷ್ಟ ಅಂತ ನಿಮಗೂ ಗೊತ್ತು, ಚೆಲ್ಲೋಕೆ ಮನಸ್ಸು ಬರಲಿಲ್ಲ.

ಕುಂಡದಕ್ಕ:
ಸಿಕ್ಕಿತು ನೋಡಿ. ಬೋರ್ ನೀರಿನಲ್ಲಿರುವ ಉಪ್ಪೆಲ್ಲ ಆ ಹೊರಹೋಗುವ ನೀರಿಗೇ ಸೇರುತ್ತದೆ. ನನ್ನ ಮನೆಯಲ್ಲಿ ಬೋರ್ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪಿನ ಅಳತೆ) 900, ಮೆಷಿನ್ ಹೊರಗೆ ಬಿಡುವುದು 1480. ಸ್ಟ್ರಾಬೆರಿಯಷ್ಟು ಬೇಗ ಉಪ್ಪಿಗೆ ಸೋಲುವ ಗಿಡ ಕಡಿಮೆ. ಎಲೆಯ ಅಂಚಿಗೆ ಉಪ್ಪು ಹೋಗಿ ಸೇರುತ್ತದೆ, ಅಲ್ಲಿಂದಲೇ ಸುಡೋಕೆ ಶುರು. ದಿನಾ ಹಾಕಿದ್ದರಿಂದಲೇ ಜಾಸ್ತಿ ಆಗಿದೆ. ಆ ನೀರು ನೆಲ ಒರೆಸೋಕೆ, ಪಾಯಿಖಾನೆಗೆ ಇಟ್ಟುಕೊಳ್ಳಿ. ಈಗ ನಳದ ನೀರನ್ನೋ ಕುಡಿಯುವ ಫಿಲ್ಟರ್ ನೀರನ್ನೋ ಕುಂಡದ ಎರಡು ಮೂರು ಪಟ್ಟು ನಿಧಾನವಾಗಿ ಹಾಕಿ. ತಳದ ತೂತಿನಿಂದ ಎಲ್ಲ ಹರಿದು ಹೋಗಲಿ, ತಟ್ಟೆಯಲ್ಲಿ ನಿಲ್ಲಿಸಬೇಡಿ. ಗೊಬ್ಬರ ಮೂರು ವಾರ ಬೇಡ. ಮಣ್ಣು ಬದಲಾಯಿಸುವಾಗ ಸುಳಿ ಮಣ್ಣಿನ ಮೇಲೇ ಇರಲಿ, ಹೂತರೆ ಕೊಳೆಯುತ್ತದೆ.

ಶಹಾಪುರಹುಡುಗ:
ಅಕ್ಕ ಹೇಳಿದ್ದು ಸರಿ ಇರಬಹುದು. ಎಣ್ಣೆಯೂ ಒಮ್ಮೆ ಹೊಡೆದುಬಿಡಿ, ನುಸಿ ಬರುವ ಕಾಲವೇ ಇದು.

ಕೆಂಪುಮಣ್ಣು_ಬೀದರ್:
ಮಣ್ಣೂ ಬದಲಿಸಲೇಬೇಕು. ಎರೆ ಮಣ್ಣಿನಿಂದ ನೀರು ಬೇಗ ಬಸಿಯೋದಿಲ್ಲ, ಉಪ್ಪು ಅಲ್ಲೇ ಕೂರುತ್ತದೆ.

ಮಾಳಿಗೆತೋಟ (18 ದಿನದ ನಂತರ):
ಏಳರಲ್ಲಿ ಇನ್ನೂ ಒಂದು ಹೋಯಿತು, ಅದರ ಸುಳಿ ಹೂತಿತ್ತು. ಉಳಿದ ಆರಕ್ಕೆ ಹೊಸ ಎಲೆ ಬಂದಿವೆ, ಅಂಚು ಹಸಿರಾಗಿದೆ, ಬೆಳಿಗ್ಗೆ ಎಲೆಯ ಅಂಚಿನ ಹಲ್ಲಿನ ತುದಿಯಲ್ಲಿ ಒಂದೊಂದು ಹನಿ ನೀರು ನಿಂತಿರುತ್ತದೆ. ಒಂದಕ್ಕೆ ಹೂವೂ ಬಿಟ್ಟಿದೆ. ಮಗಳಿಗೆ ಮೆತ್ತಗಿನ ಬ್ರಷ್ ಕೊಟ್ಟಿದ್ದೇನೆ, ಕಾಯಿ ಕಟ್ಟಲಿ ಅಂತ ಹೂವಿನ ನಡುವೆ ಸವರುತ್ತಾಳೆ. ಅಕ್ಕಾ, ತುಂಬಾ ಉಪಕಾರ ಆಯಿತು. ಬೀದರ್ ಅಣ್ಣಾ, ಬರುವ ಭಾನುವಾರ ಬೀದರ್‌ಗೆ ಬರುತ್ತಿದ್ದೇನೆ. ಆ ಕೆಂಪು ಮಣ್ಣು ಎರಡು ಚೀಲ ಸಿಗುತ್ತಾ?