ತನಿಖಾಧಿಕಾರಿಣಿ, ಅಂಗರಕ್ಷಕ ಮತ್ತು ಬೀದರ್: ಪ್ರೇಮದ ನಡುವೆ ಭಯವನ್ನು ಉಳಿಸುವುದು ಹೇಗೆ?

ಪ್ರಶ್ನೆ, ಬೀದರ್‌ನಿಂದ:
ಬಿದರಿ ಕಲಾಕೃತಿಗಳ ಕಳವನ್ನು ಬೆನ್ನಟ್ಟುವ ತನಿಖಾಧಿಕಾರಿಣಿಯೂ ಅವಳ ಅಂಗರಕ್ಷಕನೂ ಪರಸ್ಪರ ಒಲಿಯುವ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಪ್ರೇಮ ಬೆಳೆದಂತೆಲ್ಲ ಭಯ ಸಡಿಲವಾಗುತ್ತಿದೆ, ಏನು ಮಾಡಲಿ?

ಉತ್ತರ, ಕಲಬುರಗಿಯಿಂದ:
ಕಾವಲುಗಾರನ ಕಣ್ಣು ಬಾಗಿಲ ಮೇಲಿರಬೇಕು. ಅದು ಅವಳ ಮುಖದ ಮೇಲೆ ಒಂದು ಕ್ಷಣ ಹೆಚ್ಚು ನಿಂತರೂ ಅಪಾಯ ಒಳನುಗ್ಗುವಂತೆ ಕಟ್ಟಿದರೆ ಪ್ರೀತಿಯೇ ಭಯದ ಮೂಲವಾಗುತ್ತದೆ. ಆದರೆ ಸುಳಿವು ಬಿಡಿಸುವವಳು ಅವಳೇ ಆಗಿರಲಿ, ದಯವಿಟ್ಟು.

ಉತ್ತರ, ಬೀದರ್‌ನಿಂದ:
ಆ ಸುಳಿವು ನಮ್ಮೂರಲ್ಲೇ ಇದೆ. ಸತು, ತಾಮ್ರಗಳ ಮಿಶ್ರಲೋಹದ ಬಿದರಿ ಪಾತ್ರೆಯು ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ (ಅಮೋನಿಯಂ ಕ್ಲೋರೈಡ್) ಬೆರೆಸಿದ ದ್ರಾವಣದಿಂದ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬಣ್ಣ ಬಳಿದ ನಕಲನ್ನು ಅವಳು ಇದರಿಂದಲೇ ಗುರುತಿಸಬಹುದು. ಬೆನ್ನಟ್ಟುವ ದೃಶ್ಯಕ್ಕೆ ನೌಬಾದಿನ ಕರೇಜ್, ಅಂದರೆ ನೆಲದಡಿಯಲ್ಲಿ ನೀರು ಹರಿಸುವ ಹಳೆಯ ಸುರಂಗವಿದೆ.

ಪ್ರಶ್ನಿಸಿದವರು:
ಹಾಗಾದರೆ ಮುಂದಿನ ಅಧ್ಯಾಯವನ್ನು ಕರೇಜ್‌ನ ಕತ್ತಲಲ್ಲಿಯೇ ತೆರೆಯುತ್ತೇನೆ.